ಬರಿಗೈ ಮತ್ತು ವಿಷದ ಹಾವು: ಮುಟ್ಟದೆ ಹಿಡಿಯುವ ಕ್ರಮ

ತಲೆಯ ಹಿಂದೆ ಎರಡು ಬೆರಳಿಟ್ಟು ಹಾವನ್ನು ಎತ್ತಿ ತೋರಿಸುವುದೇ ಹಾವು ಹಿಡಿಯುವ ವಿದ್ಯೆಯ ದೊಡ್ಡ ಪಟ್ಟು ಎಂದು ಬಹಳ ಜನ ತಿಳಿದಿದ್ದಾರೆ. ಕೆಲಸ ಬಲ್ಲವರ ಲೆಕ್ಕ ಬೇರೆ. ಹಾವು ಯಾರ ಕೈಗೂ ತಾಗದೆ, ಹೆಡೆ ಬಿಚ್ಚದೆ, ಯಾವುದೋ ಬಿಲ ಸಿಕ್ಕಿತು ಎಂದುಕೊಂಡು ತಾನಾಗಿ ಚೀಲದೊಳಗೆ ನುಸುಳಿದರೆ ಅದು ಚೆನ್ನಾಗಿ ಮುಗಿದ ಕೆಲಸ. ನೋಡಲು ನಿಂತವರಿಗೆ ಅದರಲ್ಲಿ ಏನೂ ಸಿಗುವುದಿಲ್ಲ: ಒಂದು ಪೈಪು, ಒಂದು ಬಟ್ಟೆಯ ಚೀಲ, ಮಾತಿಲ್ಲದೆ ನಿಂತ ಇಬ್ಬರು. ಹಾಗೆ ಬೇಸರ ತರಿಸುವುದೇ ಗುರಿ.

ಇದನ್ನು ಓದಿದವರಿಗೆ ಹಾವು ಹಿಡಿಯಲು ಬಂತು ಎಂದಲ್ಲ. ತರಬೇತಿ, ಅನುಭವಿಗಳ ಜೊತೆ ಓಡಾಟ, ಹೆಚ್ಚಿನ ದೇಶಗಳಲ್ಲಿ ಕಾನೂನು ಕೇಳುವ ಪರವಾನಗಿ, ಇವೆಲ್ಲ ಆದ ಮೇಲೆ ಕೈಗೆ ಉಪಕರಣ ಬರಬೇಕು. ಉಳಿದವರ ಕೆಲಸ ದೂರ ನಿಂತು, ಹಾವು ಎಲ್ಲಿದೆ ಎಂದು ಕಣ್ಣಿಟ್ಟು, ಗೊತ್ತಿರುವವರನ್ನು ಕರೆಯುವುದು. ಅದು ಸಣ್ಣ ಕೆಲಸವೇನಲ್ಲ. ಕಣ್ತಪ್ಪಿ ಕಪಾಟಿನ ಹಿಂದೆ ಸೇರಿದ ಹಾವನ್ನು ಹುಡುಕುವಾಗ ಆಗುವ ಅಪಾಯ ಕಣ್ಣೆದುರಿನ ಹಾವಿಗಿಂತ ಹೆಚ್ಚು.

ಕೈ ಎಲ್ಲಿ ಸೋಲುತ್ತದೆ

ಮೊದಲು ವೇಗ. ಕೊಳಕುಮಂಡಲದಂಥ ಮಂಡಲದ ಹಾವುಗಳು (ವೈಪರ್‌ಗಳು) ಎರಗಿ ಗುರಿ ಮುಟ್ಟಲು ಸಾಮಾನ್ಯವಾಗಿ 0.1 ಸೆಕೆಂಡೂ ಹಿಡಿಯುವುದಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯನ ಕೈ ಅಲುಗಲು ಸುಮಾರು 0.2 ಸೆಕೆಂಡು ಬೇಕು. ಕೈ ಹಿಂದಕ್ಕೆಳೆಯಬೇಕು ಎಂದು ಹೊಳೆಯುವಷ್ಟರಲ್ಲಿ ಹಲ್ಲು ಇಳಿದು, ತಲೆ ವಾಪಸು ಹೋಗಿರುತ್ತದೆ. ಎಷ್ಟು ವರ್ಷ ಅಭ್ಯಾಸ ಮಾಡಿದರೂ ಈ ಅಂತರ ಮುಚ್ಚುವುದಿಲ್ಲ. ಹಾವಿನ ನಡೆ ನನಗೆ ಮೊದಲೇ ತಿಳಿಯುತ್ತದೆ ಎನ್ನುವವರು ನಿಜವಾಗಿ ನೋಡುತ್ತಿರುವುದು ಎರಗುವ ಮುಂಚಿನ ಎಚ್ಚರಿಕೆಯನ್ನು: ಹೆಡೆ, ಬುಸುಗುಟ್ಟುವಿಕೆ, ಸುರುಳಿ ಬಿಗಿಯುವುದು. ಎಚ್ಚರಿಕೆ ಕೊಡದ ಹಾವೂ ಉಂಟು. ಕಟ್ಟುಹಾವು ಹಗಲಿನಲ್ಲಿ ತಲೆಯನ್ನು ಸುರುಳಿಯೊಳಗೆ ಹುದುಗಿಸಿ ಹಗ್ಗದಂತೆ ಬಿದ್ದಿರುತ್ತದೆ. ಅದರ ಸೌಮ್ಯತೆಯನ್ನು ನಂಬಿ ಮುಟ್ಟಿದ ಕೈಯನ್ನು ಒಮ್ಮೆಲೇ ಹೊರಳಿ ಕಚ್ಚುತ್ತದೆ.

ಕುತ್ತಿಗೆ ಹಿಡಿತದ ಮೇಲಿನ ನಂಬಿಕೆ ಇನ್ನೂ ದೊಡ್ಡ ಮೋಸ. ಮಂಡಲದ ಹಾವುಗಳ ವಿಷದ ಹಲ್ಲು ಬಾಗಿಲಿನ ಕೀಲಿನಂತೆ ಮಡಚಿ ಬಿಚ್ಚುತ್ತದೆ. ಎಡ ಬಲದ ಹಲ್ಲುಗಳನ್ನು ಹಾವು ಬೇರೆ ಬೇರೆಯಾಗಿಯೂ ಆಡಿಸಬಲ್ಲದು. ಕುತ್ತಿಗೆ ಹಿಡಿದಾಗ ಅದು ಬಾಯಿ ತೆರೆದು, ದವಡೆ ಓರೆ ಮಾಡಿ, ಒಂದೇ ಹಲ್ಲನ್ನು ಪಕ್ಕಕ್ಕೆ ಚಾಚಿ ಬೆರಳು ಹುಡುಕುತ್ತದೆ. ಉದ್ದ ಹಲ್ಲಿನ ಹಾವು ತನ್ನದೇ ಕೆಳದವಡೆಯನ್ನು ತೂರಿ ಅಡಿಯಲ್ಲಿರುವ ಬೆರಳಿಗೆ ಚುಚ್ಚುವುದೂ ಉಂಟು. ಕೊಳಕುಮಂಡಲದ ಹಲ್ಲು ಒಂದೂವರೆ ಸೆಂಟಿಮೀಟರಿನ ಆಸುಪಾಸು, ಆಫ್ರಿಕಾದ ಗಬೂನ್ ವೈಪರಿನದು ನಾಲ್ಕೈದು ಸೆಂಟಿಮೀಟರು. ಆಫ್ರಿಕಾದಲ್ಲೇ ಸ್ಟಿಲೆಟೊ ಎಂಬ ಸಣ್ಣ ಕಪ್ಪು ಹಾವುಗಳಿವೆ. ಅವು ಬಾಯಿಯನ್ನೇ ತೆರೆಯದೆ ಹಲ್ಲನ್ನು ಪಕ್ಕದಿಂದ ಹೊರಚಾಚಿ ಹಿಂದಕ್ಕೆ ಚುಚ್ಚುತ್ತವೆ. ತಲೆಯ ಹಿಂದೆ ಬೆರಳಿಡಲು ಸುರಕ್ಷಿತ ಜಾಗವೇ ಅವುಗಳಲ್ಲಿಲ್ಲ.

ಹಿಡಿದದ್ದನ್ನು ಬಿಡಬೇಕಲ್ಲ, ಅದನ್ನು ಮುಂಚೆ ಯೋಚಿಸಿದವರು ಕಡಿಮೆ. ಬೆರಳು ಸಡಿಲಿಸಿದ ಕ್ಷಣ ಹಾವು ಪೂರ್ತಿ ಎಚ್ಚರವಾಗಿ, ಪೂರ್ತಿ ಹೆದರಿ, ಕೈಗೆ ತೀರ ಹತ್ತಿರದಲ್ಲಿರುತ್ತದೆ. ಇನ್ನೊಂದು ಕೈಯಲ್ಲಿ ಚೀಲದ ಬಾಯಿ ಹಿಡಿದು, ತಲೆಯನ್ನು ಒಳಗೆ ತಳ್ಳಿ, ಕೈ ಕಿತ್ತುಕೊಳ್ಳುವ ಆ ಗಳಿಗೆಯಲ್ಲಿ ಬೆವರು, ಸುತ್ತಿದ ಬಾಲ, ಯಾರೋ ಕರೆದ ಸದ್ದು, ಯಾವುದೂ ಸಾಕು.

ಬಾಲ ಹಿಡಿದು ತೂಗಾಡಿಸುವುದಕ್ಕೂ ಇದೇ ಮಾತು. ಮರದ ಮೇಲಿನ ಮಂಡಲಗಳು ತಮ್ಮ ಮೈಯನ್ನೇ ಹಗ್ಗ ಮಾಡಿಕೊಂಡು ಮೇಲೆ ಹತ್ತಿ ಬರುತ್ತವೆ. ಕಾಳಿಂಗ ಸರ್ಪ ತನ್ನ ಉದ್ದದ ಮೂರನೇ ಒಂದು ಭಾಗವನ್ನು ನೆಲದಿಂದ ಎತ್ತಿ ನಿಲ್ಲುತ್ತದೆ. ಮೂರು ಮೀಟರಿನ ಹಾವಿಗೆ ಅದು ಸೊಂಟದೆತ್ತರ.

ದಪ್ಪ ಚರ್ಮದ ಗ್ಲೌಸ್? ಚಿಕ್ಕ ಹಲ್ಲನ್ನು ಕೆಲವೊಮ್ಮೆ ತಡೆದೀತು. ದೊಡ್ಡ ಮಂಡಲದ ಹಲ್ಲಿಗೆ ಅದು ಅಡ್ಡಿಯೇ ಅಲ್ಲ. ಜೊತೆಗೆ ಕೈಯ ಸ್ಪರ್ಶಜ್ಞಾನ ಹೋಗುತ್ತದೆ, ಎಷ್ಟು ಬಿಗಿಯಾಗಿ ಹಿಡಿದಿದ್ದೇವೆ ಎಂದು ತಿಳಿಯದೆ ಹಾವಿನ ಪಕ್ಕೆಲುಬು ಮುರಿಯುತ್ತದೆ. ಗ್ಲೌಸ್ ತೊಟ್ಟ ಕೈ ಹಾವಿನ ಹತ್ತಿರ ಹೋಗುವ ಧೈರ್ಯ ಮಾಡುತ್ತದೆ ಎಂಬುದೇ ಅದರ ದೊಡ್ಡ ಕೆಡುಕು.

ತಿಳಿದವರೂ ತಪ್ಪಿದ್ದು

ಬರಿಗೈ ಅಪಾಯ ಕಲಿಯದವರಿಗೆ ಮಾತ್ರ ಎನ್ನುವ ವಾದಕ್ಕೆ ಮೂರು ಹೆಸರು ಸಾಕು. ಕಾರ್ಲ್ ಪ್ಯಾಟರ್ಸನ್ ಸ್ಮಿತ್ ಶಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನ ಹೆಸರಾಂತ ಉರಗತಜ್ಞ. 1957ರ ಸೆಪ್ಟೆಂಬರಿನಲ್ಲಿ ಗುರುತಿಸಲೆಂದು ಬಂದ, ಆಫ್ರಿಕಾದ ಮರಗಳಲ್ಲಿರುವ ಬೂಮ್‌ಸ್ಲ್ಯಾಂಗ್ ಜಾತಿಯ ಎಳೆಯ ಹಾವನ್ನು ಕೈಗೆತ್ತಿಕೊಂಡರು. ಹೆಬ್ಬೆರಳಿಗೆ ಚುಚ್ಚಿದ್ದು ಒಂದೇ ಹಲ್ಲು, ಆಳ ಕೆಲವೇ ಮಿಲಿಮೀಟರ್. ತಮಗಾಗುತ್ತಿದ್ದುದನ್ನು ಅವರು ಬರೆದಿಡುತ್ತಾ ಹೋದರು, ಮರುದಿನ ತೀರಿಕೊಂಡರು. ಜರ್ಮನಿಯ ಉರಗತಜ್ಞ ರಾಬರ್ಟ್ ಮೆರ್ಟೆನ್ಸ್ ತಾವೇ ಸಾಕಿದ್ದ ಆಫ್ರಿಕಾದ ಕಡ್ಡಿಹಾವಿನ ಕಡಿತದಿಂದ 1975ರಲ್ಲಿ ತೀರಿಕೊಂಡರು. ಕಚ್ಚಿದ್ದಕ್ಕೂ ಸಾವಿಗೂ ನಡುವೆ ಕಳೆದದ್ದು 18 ದಿನ. 2001ರಲ್ಲಿ ಮ್ಯಾನ್ಮಾರಿನ ಕಾಡಿನಲ್ಲಿ ಅಮೆರಿಕದ ಉರಗತಜ್ಞ ಜೋಸೆಫ್ ಸ್ಲೋವಿನ್ಸ್ಕಿ ಚೀಲದೊಳಗೆ ಕೈ ಹಾಕಿದರು. ಅದರಲ್ಲಿರುವುದು ವಿಷವಿಲ್ಲದ, ಕಟ್ಟುಹಾವನ್ನೇ ಹೋಲುವ ಹಾವು ಎಂದು ಅವರಿಗೆ ತಿಳಿಸಲಾಗಿತ್ತು. ಇದ್ದದ್ದು ಎಳೆಯ ಕಟ್ಟುಹಾವು. ಸಂಗಡಿಗರು ಗಂಟೆಗಟ್ಟಲೆ ಬಾಯಿಯಿಂದ ಉಸಿರು ಕೊಟ್ಟರೂ ಉಳಿಸಲಾಗಲಿಲ್ಲ.

ಮೂವರಿಗೂ ಹಾವು ಗೊತ್ತಿತ್ತು. ಅವರ ಕಾಲದಲ್ಲಿ ಬೂಮ್‌ಸ್ಲ್ಯಾಂಗ್ ಮತ್ತು ಕಡ್ಡಿಹಾವುಗಳನ್ನು ಮನುಷ್ಯನಿಗೆ ಅಷ್ಟೇನೂ ಅಪಾಯಕಾರಿಯಲ್ಲ ಎಂದೇ ಎಣಿಸಲಾಗುತ್ತಿತ್ತು. ಹಾಗಾಗಿ ಮೊದಲ ನಿಯಮ: ಗುರುತಿನ ಬಗ್ಗೆ ಎಳ್ಳಷ್ಟು ಅನುಮಾನವಿದ್ದರೂ ಹಾವು ವಿಷದ್ದೇ. ಎರಡನೆಯದು: ಮರಿಯೂ ವಿಷದ್ದೇ. ಮೊಟ್ಟೆಯಿಂದ ಹೊರಬಂದ ದಿನವೇ ಅದರ ಹಲ್ಲು, ಗ್ರಂಥಿ ಎರಡೂ ಕೆಲಸ ಮಾಡುತ್ತವೆ. ಮೂರನೆಯದು: ಸತ್ತ ಹಾವೂ ಕಚ್ಚುತ್ತದೆ. ಕತ್ತರಿಸಿದ ತಲೆ ಕೂಡ ತುಸು ಹೊತ್ತಿನವರೆಗೆ ತಾನಾಗಿ ಬಾಯಿ ಮುಚ್ಚಿ ವಿಷ ಇಳಿಸಬಲ್ಲದು.

ಇದಕ್ಕೆ ಉತ್ತರವಾಗಿ ಬಿಲ್ ಹಾಸ್ಟ್ ಹೆಸರು ಬಂದೇ ಬರುತ್ತದೆ. ಮಯಾಮಿಯಲ್ಲಿ ವಿಷ ಸಂಗ್ರಹಿಸುತ್ತಿದ್ದ ಆತ 1948ರಿಂದ ಸ್ವಲ್ಪ ಸ್ವಲ್ಪವೇ ವಿಷವನ್ನು ತನಗೆ ಚುಚ್ಚಿಕೊಂಡು, 170ಕ್ಕೂ ಹೆಚ್ಚು ಕಡಿತ ಕಂಡು, 2011ರಲ್ಲಿ 100ನೇ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ಕೈಬೆರಳುಗಳು ಹಾಳಾಗಿದ್ದವು, ಸಾವಿನ ಅಂಚಿಗೆ ಹೋಗಿ ಬಂದದ್ದೂ ಇದೆ. ಬದುಕಿದ ಒಬ್ಬರ ಹೆಸರು ಎಲ್ಲರ ನಾಲಗೆಯ ಮೇಲಿದೆ, ಅದೇ ದಾರಿಯಲ್ಲಿ ಹೋಗಿ ಸತ್ತವರ ಹೆಸರು ಯಾರಿಗೂ ನೆನಪಿಲ್ಲ. ಇನ್ನೂ ಒಂದು ವಿಷಯ. ಪದೇ ಪದೇ ಕಚ್ಚಿಸಿಕೊಂಡವರಲ್ಲಿ ದೇಹ ವಿಷಕ್ಕೆ ಒಗ್ಗುವುದಕ್ಕಿಂತ ಅಲರ್ಜಿ ಬೆಳೆಸಿಕೊಳ್ಳುವುದು ಹೆಚ್ಚು ಸಂಭವ. ಆಗ ಮುಂದಿನ ಕಡಿತದಲ್ಲಿ ವಿಷ ಕೆಲಸ ಶುರು ಮಾಡುವ ಮುನ್ನವೇ ರಕ್ತದೊತ್ತಡ ಕುಸಿದು, ಗಂಟಲು ಊದಿ ಉಸಿರು ಕಟ್ಟುತ್ತದೆ. ಎರಡು ಸಲ ವಿಷವಿಳಿಯದ ಒಣಕಡಿತ ಸಿಕ್ಕಿದವರು ತಮಗೆ ವಿಷವೇ ಏರುವುದಿಲ್ಲ ಎಂದುಕೊಳ್ಳುತ್ತಾರೆ. ಮೂರನೆಯದು ಹೇಗಿರಬೇಕು ಎಂದು ನಿರ್ಧರಿಸುವುದು ಹಾವು.

ಹಾವಿಗೆ ಏನಾಗುತ್ತದೆ

ಹಾವಿನ ತಲೆಬುರುಡೆ ಬೆನ್ನುಮೂಳೆಗೆ ಸೇರುವುದು ಒಂದೇ ಒಂದು ಸಣ್ಣ ಮೂಳೆಯುಬ್ಬಿನ ಮೇಲೆ. ಮೈಯೆಲ್ಲ ಒದ್ದಾಡುತ್ತಿರುವಾಗ ತಲೆಯನ್ನು ಮಾತ್ರ ಬಿಗಿ ಹಿಡಿದರೆ ಪೂರ್ತಿ ತಿರುಚು ಅಲ್ಲಿಗೆ ಬೀಳುತ್ತದೆ. ಹೊರಗೆ ಗಾಯ ಕಾಣುವುದಿಲ್ಲ. ಬಿಟ್ಟ ಮೇಲೆ ಹರಿದು ಹೋಗುತ್ತದೆ, ಆಮೇಲೆ ಬೇಟೆ ನುಂಗಲಾಗದೆ ಯಾರಿಗೂ ಕಾಣದಂತೆ ಸಾಯಬಹುದು. ಬಾಲದಿಂದ ನೇತಾಡಿಸಿದ ಭಾರದ ಹಾವಿಗೆ ಬೆನ್ನೆಲುಬಿನ ಗಂಟುಗಳು ಸಡಿಲುತ್ತವೆ. ಈಗಷ್ಟೇ ಉಂಡ ಹಾವು ಹೆದರಿ ಕಕ್ಕುತ್ತದೆ. ವಾರಗಟ್ಟಲೆ ಕಾದು ಸಿಕ್ಕ ಊಟ ಅದು. ಪೊರೆ ಬಿಡುವ ಮುಂಚೆ ಕಣ್ಣು ಮಸುಕಾದ ಹಾವು ಸರಿಯಾಗಿ ಕಾಣದೆ ಇನ್ನೂ ಹೆಚ್ಚು ಗಾಬರಿ ಬೀಳುತ್ತದೆ, ಎಳೆದಾಡಿದರೆ ಹೊಸ ಚರ್ಮವೂ ಹರಿಯುತ್ತದೆ.

ಹಲ್ಲು ಕಿತ್ತ ಹಾವನ್ನು ಆಡಿಸುವುದು ಸುರಕ್ಷಿತ ಎನ್ನುವವರಿಗೆ ಎರಡು ಉತ್ತರ. ವಿಷದ ಹಲ್ಲಿನ ಹಿಂದೆ ಬದಲಿ ಹಲ್ಲುಗಳು ಸಾಲಾಗಿ ಬೆಳೆಯುತ್ತಿರುತ್ತವೆ, ಕೆಲವೇ ವಾರಗಳಲ್ಲಿ ಹೊಸದು ಜಾಗಕ್ಕೆ ಬರುತ್ತದೆ. ಅಷ್ಟರೊಳಗೆ ಕಿತ್ತ ಜಾಗ ಕೀವುಗಟ್ಟಿ ಹಾವು ಉಣ್ಣುವುದನ್ನೇ ಬಿಡುತ್ತದೆ. ಅದು ಮನುಷ್ಯನಿಗೆ ಅಪಾಯ, ಹಾವಿಗೆ ನರಳಾಟ.

ಕಚ್ಚಿಸಿಕೊಂಡರೆ ತನ್ನ ಪ್ರಾಣ, ತನ್ನಿಷ್ಟ ಎನ್ನುವ ಮಾತೂ ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ 81,000ದಿಂದ 1,38,000 ಜನ ಹಾವಿನ ಕಡಿತದಿಂದ ಸಾಯುತ್ತಾರೆ. ಅದರ ಸುಮಾರು ಮೂರು ಪಟ್ಟು ಜನ ಕೈಕಾಲು ಕಳೆದುಕೊಂಡೋ ಬೇರೆ ಶಾಶ್ವತ ಊನದಿಂದಲೋ ಬದುಕುತ್ತಾರೆ. ಹೆಚ್ಚಿನವರು ಹೊಲದಲ್ಲಿ ದುಡಿಯುವವರು, ಮಕ್ಕಳು. ಪ್ರತಿವಿಷ ತಯಾರಾಗುವುದು ಕುದುರೆಗಳ ರಕ್ತದಿಂದ, ನಿಧಾನವಾಗಿ, ಮಿತಿಯಲ್ಲಿ. ಒಬ್ಬ ರೋಗಿಗೆ ಆರಂಭದಲ್ಲೇ 8ರಿಂದ 10 ವಯಲ್ (ಮದ್ದಿನ ಸಣ್ಣ ಸೀಸೆ) ಬೇಕಾಗಬಹುದು. ವಿಡಿಯೊಗಾಗಿ ಕಚ್ಚಿಸಿಕೊಂಡವರು ಬಳಸುವ ವಯಲ್ ಅದೇ ಫ್ರಿಜ್ಜಿನದು. ಆ ವಿಡಿಯೊ ನೋಡಿ ಹದಿನೈದು ವರ್ಷದ ಹುಡುಗ ಹಿತ್ತಲಲ್ಲಿ ಕೈ ಚಾಚಿದರೆ ಅದರ ಲೆಕ್ಕವನ್ನೂ ಇದಕ್ಕೇ ಬರೆಯಬೇಕು. ಚೀಲಕ್ಕೆ ಹೋಗಬೇಕಾದ ಹಾವು ಹೊರಗೆ ಕಳೆದ ಪ್ರತಿಯೊಂದು ಹೆಚ್ಚುವರಿ ನಿಮಿಷ ಯಾರಿಗಾಗಿ ಎಂದು ಕೇಳಿಕೊಂಡರೆ ಉತ್ತರ ಕಷ್ಟವಲ್ಲ.

ಹೊರಡುವ ಮುನ್ನ

ಕಡಿತವಾದರೆ ಏನು ಎಂಬುದನ್ನು ಹಾವು ನೋಡುವ ಮುಂಚೆ ತೀರ್ಮಾನಿಸಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷವೂ ವೆಂಟಿಲೇಟರೂ ಇವೆ, ವಾಹನ ಯಾರು ಓಡಿಸುತ್ತಾರೆ, ನಿಮ್ಮ ಅಲರ್ಜಿಗಳೇನು, ಇವು ಒಂದು ಚೀಟಿಯಲ್ಲಿ ಜೇಬಿನಲ್ಲಿರಲಿ. ಪ್ರತಿವಿಷ ಎಲ್ಲ ಹಾವಿಗೂ ಒಂದೇ ಅಲ್ಲ. ಭಾರತದಲ್ಲಿ ತಯಾರಾಗುವ ಪಾಲಿವೇಲೆಂಟ್ (ಹಲವು ಹಾವುಗಳಿಗೆ ಒಂದೇ) ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ ಮಾಡಿದ್ದು. ಕಾಳಿಂಗ ಸರ್ಪ ಆ ಪಟ್ಟಿಯಲ್ಲಿಲ್ಲ. ನೀವು ಹಿಡಿಯಲು ಹೋಗುತ್ತಿರುವ ಹಾವಿಗೆ ಮದ್ದೇ ಇಲ್ಲದಿರಬಹುದು ಎಂಬುದು ಮೊದಲೇ ತಿಳಿದಿರಬೇಕು.

ಒಬ್ಬರೇ ಹೋಗಬಾರದು. ಕುಡಿದು ಹೋಗಬಾರದು, ನಿದ್ದೆಗೆಟ್ಟೂ ಹೋಗಬಾರದು. ಉಂಗುರ, ಗಡಿಯಾರ, ಬಳೆ ಮನೆಯಲ್ಲೇ ಬಿಡಿ, ಊತ ಬಂದರೆ ಅವೇ ಬೆರಳನ್ನು ಕೊಲ್ಲುತ್ತವೆ. ಪೂರ್ತಿ ಮುಚ್ಚಿದ ಬೂಟು, ಉದ್ದ ಪ್ಯಾಂಟು, ತಲೆಗೆ ಕಟ್ಟುವ ಟಾರ್ಚು. ಉಗುಳುವ ನಾಗರ ಜಾತಿಗಳಿರುವ ಕಡೆ ಕಣ್ಣಿಗೆ ಕನ್ನಡಕ ಕಡ್ಡಾಯ. ಎರಡು ಮೀಟರಿನಿಂದಲೂ ಅವು ಕಣ್ಣಿಗೇ ಗುರಿಯಿಡುತ್ತವೆ.

ಉಪಕರಣಗಳು ಸರಳ. ಒಂದರಿಂದ ಒಂದೂಕಾಲು ಮೀಟರ್ ಉದ್ದದ ಹುಕ್ ಕೋಲು ಎರಡು. 8ರಿಂದ 10 ಸೆಂಟಿಮೀಟರ್ ಒಳವ್ಯಾಸ, 60ರಿಂದ 90 ಸೆಂಟಿಮೀಟರ್ ಉದ್ದದ, ಬೆಳಕು ತೂರದ ಪಿವಿಸಿ ಪೈಪು. ಬಿಗಿ ನೇಯ್ಗೆಯ ಹತ್ತಿಯ ಚೀಲ, ಕನಿಷ್ಠ ಒಂದು ಮೀಟರ್ ಉದ್ದ. ಹೊಲಿಗೆಯ ಅಂಚು ಹೊರಮೈಗಿರಲಿ, ಒಳಗಿದ್ದರೆ ದಾರದ ಎಳೆಗಳಿಗೆ ಹಾವು ಸಿಕ್ಕಿಕೊಳ್ಳುತ್ತದೆ. ಕ್ಲಿಪ್ಪಿನಿಂದ ಬಿಗಿಯುವ ಮುಚ್ಚಳದ 20 ಲೀಟರ್ ಬಕೆಟ್, ಗಾಳಿಗೆ 3 ಮಿಲಿಮೀಟರಿನ ತೂತುಗಳು. ಡ್ರಿಲ್ಲನ್ನು ಒಳಗಿನಿಂದ ಹೊರಕ್ಕೆ ಹಾಯಿಸಿ, ಆಗ ಚೂಪಾದ ಅಂಚು ಹೊರಗುಳಿದು ಹಾವಿನ ಮೂತಿ ತರಚುವುದಿಲ್ಲ. ಉದ್ದ ಹಿಡಿಯ ಇಕ್ಕಳದಂಥ ಟಾಂಗ್ ಇರಲಿ, ಆದರೆ ಹಾವನ್ನು ಹಿಸುಕಲಲ್ಲ: ಚೀಲ ಸರಿಸಲು, ಅಡ್ಡ ಬಂದ ಸಾಮಾನು ಎತ್ತಲು. ಟಾಂಗಿನಿಂದ ಮೈ ಅಮುಕಿದ ಹಾವು ನೋವಿಗೆ ಹುಚ್ಚೆದ್ದು ಕೋಲನ್ನೇ ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ.

ಪೈಪು ಮತ್ತು ಚೀಲ

ಸ್ಥಳಕ್ಕೆ ಹೋದ ತಕ್ಷಣ ಕೇಳಬೇಕಾದದ್ದು: ಈ ಹಾವನ್ನು ಹಿಡಿಯಲೇಬೇಕೇ? ಬಯಲಿನಲ್ಲೋ ಪೊದೆಯಲ್ಲೋ ಇದ್ದರೆ ಜನರನ್ನು ಸರಿಸುವುದಷ್ಟೇ ಕೆಲಸ, ಅರ್ಧ ಗಂಟೆಯಲ್ಲಿ ಅದು ತನ್ನ ದಾರಿ ಹಿಡಿಯುತ್ತದೆ. ಕೋಣೆಯೊಳಗಿದ್ದರೆ ಮಾತ್ರ ಮುಂದಿನದು.

ಎಲ್ಲರನ್ನೂ ಹೊರಗೆ ಕಳಿಸಿ. ಫ್ಯಾನು, ಟಿವಿ ನಿಲ್ಲಿಸಿ, ಬೆಳಕು ಸ್ಥಿರವಾಗಿರಲಿ. ಒಬ್ಬರು ಹಾವಿನ ಮೇಲಿನ ಕಣ್ಣು ತೆಗೆಯಬಾರದು, ಇನ್ನೊಬ್ಬರು ಪೈಪು ಸಿದ್ಧಮಾಡಬೇಕು. ಚೀಲದ ಬಾಯನ್ನು ಪೈಪಿನ ಒಂದು ತುದಿಯ ಮೇಲೆ ಒಂದು ಗೇಣಿನಷ್ಟು ಏರಿಸಿ, ರಬ್ಬರ್ ಪಟ್ಟಿಯಿಂದ ಎರಡು ಸುತ್ತು ಬಿಗಿದು, ಜಗ್ಗಿ ನೋಡಿ. ಜಗ್ಗಿ ನೋಡದೆ ಬಿಟ್ಟ ಕಟ್ಟು ಹಾವು ಒಳಗಿದ್ದಾಗಲೇ ಕಳಚುತ್ತದೆ.

ಹಾವು ಸಾಧಾರಣವಾಗಿ ಗೋಡೆಯ ಬುಡ ಹಿಡಿದು ಹೋಗುತ್ತದೆ. ಅದರ ಮುಂದೆ, ಗೋಡೆಗೆ ಅಂಟಿಸಿದಂತೆ ಪೈಪನ್ನು ಮಲಗಿಸಿ. ಚೀಲ ಹಿಂದೆ ಪೂರ್ತಿ ಚಾಚಿ, ಸುಕ್ಕಿಲ್ಲದೆ ಹರಡಿರಲಿ. ಪೈಪನ್ನು ಕೈಯಲ್ಲಿ ಹಿಡಿದು ಕೂರಬೇಡಿ. ಒಂದು ಇಟ್ಟಿಗೆಯೋ ಮರದ ತುಂಡೋ ಒತ್ತಿಟ್ಟು ಅದು ಉರುಳದಂತೆ ಮಾಡಿ ದೂರ ಸರಿಯಿರಿ. ಹಾವು ಎರಗಬಲ್ಲ ದೂರ ಸಾಮಾನ್ಯವಾಗಿ ಅದರ ಉದ್ದದ ಮೂರನೇ ಒಂದರಿಂದ ಅರ್ಧದವರೆಗೆ. ನೀವು ಅದರ ಪೂರ್ತಿ ಉದ್ದಕ್ಕಿಂತ ಆಚೆ ನಿಲ್ಲಬೇಕು.

ಈಗ ಹುಕ್ಕಿನಿಂದ ಬಾಲದ ಕಡೆಯ ಮೈಯನ್ನು ಮೆಲ್ಲಗೆ ತಟ್ಟಿ. ತಲೆಯ ಎದುರಿಗೆ ಹುಕ್ ಆಡಿಸಬೇಡಿ, ಅದು ಎರಗುವುದಕ್ಕೇ ಕರೆ ಕೊಟ್ಟಂತೆ. ಹಿಂದೆ ಕಿರಿಕಿರಿ, ಮುಂದೆ ಕತ್ತಲೆಯ ರಂಧ್ರ: ಹೆಚ್ಚಿನ ಹಾವು ರಂಧ್ರವನ್ನೇ ಆಯ್ದುಕೊಳ್ಳುತ್ತದೆ. ತಲೆ ಹೊಕ್ಕ ಕೂಡಲೇ ತಟ್ಟುವುದು ನಿಲ್ಲಿಸಿ. ಇಲ್ಲಿಯೇ ಹೆಚ್ಚು ಜನ ಅವಸರಪಟ್ಟು ಬಾಲ ಮುಟ್ಟಿ ಕೆಡಿಸುವುದು, ಹಾವು ತಿರುಗಿ ಹೊರಬರುತ್ತದೆ. ಬಾಲ ಪೂರ್ತಿ ಒಳಗೆ ಹೋಗಿ ಇನ್ನೂ ಒಂದು ಗೇಣು ದಾಟಿದ ಮೇಲೆ, ಕೋಲಿನ ತುದಿಗೆ ಕಟ್ಟಿದ ಮುಚ್ಚಳದಿಂದ ಪೈಪಿನ ಬಾಯಿ ಮುಚ್ಚಿ ಕಾಯಿರಿ. ಎರಡು ನಿಮಿಷವಾಗಬಹುದು, ಹತ್ತೂ ಆಗಬಹುದು. ಸುತ್ತಿಕೊಂಡು ಕೂತ ಮಂಡಲವಾದರೆ ತಟ್ಟಿದಷ್ಟೂ ಬುಸುಗುಟ್ಟುತ್ತದೆಯೇ ಹೊರತು ಹೊರಡುವುದಿಲ್ಲ. ಅದನ್ನು ಎರಡು ಹುಕ್ಕುಗಳ ಮೇಲೆ ಸಮತೂಕದಲ್ಲಿ ಎತ್ತಿ ನೇರ ಬಕೆಟ್ಟಿಗಿಳಿಸುವುದೇ ವಾಸಿ.

ಹಾವು ಚೀಲದ ತಳ ಸೇರಿದ್ದು ಉಬ್ಬಿನಿಂದ ಖಚಿತವಾದ ಮೇಲೆ, ಹುಕ್ಕಿನ ಕೋಲನ್ನು ಚೀಲದ ಮೇಲೆ ಅಡ್ಡವಾಗಿ, ಹಾವಿಗೂ ಪೈಪಿಗೂ ನಡುವೆ ಇಟ್ಟು ನೆಲಕ್ಕೆ ಒತ್ತಿ. ಆ ಕೋಲು ಹಾವಿಗೂ ನಿಮ್ಮ ಕೈಗೂ ನಡುವಿನ ಗೋಡೆ. ಅದು ಗಟ್ಟಿಯಾಗಿದ್ದಾಗ ಮಾತ್ರ ಪೈಪು ಬಿಡಿಸಿ, ಚೀಲದ ಕುತ್ತಿಗೆಯನ್ನು ಹಲವು ಸುತ್ತು ತಿರುಚಿ, ಮಡಚಿ ಕಟ್ಟಬೇಕು. ಎತ್ತುವಾಗ ಗಂಟಿನ ಮೇಲೆ ಹಿಡಿದು, ಮೈಯಿಂದ ದೂರ. ಹಲ್ಲು ಬಟ್ಟೆಯನ್ನು ಸಲೀಸಾಗಿ ತೂರುತ್ತದೆ, ತೊಡೆಗೆ ತಾಗಿಸಿಕೊಂಡು ನಡೆದರೆ ಹಿಡಿದದ್ದೆಲ್ಲ ವ್ಯರ್ಥ. ಚೀಲ ಬಕೆಟ್ಟಿನೊಳಗೆ, ಮುಚ್ಚಳ ಭದ್ರ, ಮೇಲೆ ಚೀಟಿ: ವಿಷದ ಹಾವು, ಎಷ್ಟು, ಹಿಡಿದ ಹೊತ್ತು. ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಕಾರಿನಲ್ಲಿ ಬಿಡಬೇಡಿ, ನಿಮಿಷಗಳಲ್ಲೇ ಸಾಯುತ್ತದೆ.

ಪಶುವೈದ್ಯರು ಹಾವನ್ನು ಮುಟ್ಟಿ ಪರೀಕ್ಷಿಸಲೇಬೇಕಾದಾಗಲೂ ಬರಿಗೈಗೆ ಬದಲಿ ಉಂಟು. ಹಾವಿನ ಮೈಗಿಂತ ಸ್ವಲ್ಪವೇ ಅಗಲವಾದ ಪಾರದರ್ಶಕ ಕೊಳವೆಗೆ ಅದನ್ನು ಹೊಗಿಸಿ, ಮೂರನೇ ಒಂದು ಭಾಗ ಒಳಹೋದಾಗ ಕೊಳವೆಯ ಅಂಚು ಮತ್ತು ಹಾವಿನ ಮೈ ಎರಡನ್ನೂ ಒಂದೇ ಹಿಡಿತದಲ್ಲಿ ಹಿಡಿಯುತ್ತಾರೆ. ಕೊಳವೆ ತುಸು ಅಗಲವಾದರೂ ಹಾವು ಒಳಗೇ ತಿರುಗಿ ಕೈಯತ್ತ ಬರುತ್ತದೆ. ಅಳತೆ ಸರಿಹೊಂದುವ ಕೊಳವೆ ಇಲ್ಲದಿದ್ದರೆ ಆ ದಿನ ಪರೀಕ್ಷೆಯೂ ಇಲ್ಲ.

ಕಚ್ಚಿದರೆ

ಹಾವನ್ನು ಬಿಟ್ಟು ದೂರ ಸರಿಯಿರಿ. ಸಮಯ ಬರೆದುಕೊಳ್ಳಿ. ಕೂತು ಅಥವಾ ಮಲಗಿ, ಕಚ್ಚಿದ ಕೈಕಾಲನ್ನು ಮುರಿದ ಮೂಳೆಗೆ ಕಟ್ಟುವಂತೆ ಪಟ್ಟಿ ಕಟ್ಟಿ ಅಲುಗಿಸದಿರಿ. ನಡೆದು ಹೋಗಬೇಡಿ, ಸ್ವತಃ ವಾಹನ ಓಡಿಸಬೇಡಿ. ಕೊಯ್ಯುವುದು, ಹೀರುವುದು, ಮಂಜುಗಡ್ಡೆ, ಹಗ್ಗದ ಬಿಗಿ ಕಟ್ಟು ಯಾವುದೂ ಬೇಡ. ಇಡೀ ಅಂಗಕ್ಕೆ ಅಗಲ ಎಲಾಸ್ಟಿಕ್ ಬ್ಯಾಂಡೇಜ್ ಸುತ್ತುವ ಕ್ರಮ ನರಕ್ಕೆ ತಾಗುವ ವಿಷಕ್ಕೆ ಒಳ್ಳೆಯದು, ಮಾಂಸ ಕೊಳೆಸುವ ಮಂಡಲದ ವಿಷಕ್ಕೆ ಸಾಮಾನ್ಯವಾಗಿ ಹೇಳುವುದಿಲ್ಲ. ನಿಮ್ಮ ಪ್ರದೇಶದ ಹಾವುಗಳಿಗೆ ಯಾವುದು ಎಂದು ವೈದ್ಯರಿಂದ ಮೊದಲೇ ತಿಳಿದಿರಿ. ಕಣ್ಣಿಗೆ ವಿಷ ಸಿಡಿದರೆ ಧಾರಾಳ ನೀರಿನಿಂದ 15 ನಿಮಿಷವಾದರೂ ತೊಳೆಯಬೇಕು.

ನೋವಿಲ್ಲ, ಊತವಿಲ್ಲ ಎಂದು ಮನೆಗೆ ಹೋಗುವುದು ಕಟ್ಟುಹಾವಿನ ಕಡಿತದಲ್ಲಿ ಆಗುವ ಅನಾಹುತ. ಗುರುತೇ ಕಾಣದ ಗಾಯ, ಕೆಲವು ಗಂಟೆಗಳ ಮೇಲೆ ಹೊಟ್ಟೆನೋವು, ಜೋತುಬೀಳುವ ರೆಪ್ಪೆ, ಆಮೇಲೆ ನಿಲ್ಲುವ ಉಸಿರು. ಅದರ ವಿಷ ನರದ ತುದಿಯನ್ನೇ ಕೆಡಿಸಿದ ಮೇಲೆ ಪ್ರತಿವಿಷ ಅದನ್ನು ಸರಿಮಾಡಲಾರದು, ನರ ಚೇತರಿಸಿಕೊಳ್ಳುವವರೆಗೆ ವೆಂಟಿಲೇಟರೇ ಉಸಿರಾಡಿಸಬೇಕು. ಮಂಡಲದ ಕಡಿತದಲ್ಲಿ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಒಣಗಿದ ಶುಭ್ರ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಬಗ್ಗಿಸಿ ನೋಡುತ್ತಾರೆ. ಆಗಲೂ ನೀರಾಗಿಯೇ ಹರಿದರೆ ಪ್ರತಿವಿಷ ಶುರು.

ಬಿಡುವುದು, ಆಮೇಲೆ

ಅದೇ ದಿನ, ಹಿಡಿದ ಜಾಗಕ್ಕೆ ಆದಷ್ಟು ಹತ್ತಿರದ ಮರೆಯಲ್ಲಿ ಬಿಡಬೇಕು. ದೂರದ ಕಾಡಿಗೆ ಒಯ್ದು ಬಿಡುವುದು ಕರುಣೆಯಂತೆ ಕಾಣುತ್ತದೆ. ಅಮೆರಿಕದ ರ‍್ಯಾಟಲ್‌ಸ್ನೇಕ್‌ಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ನೋಡಿದಾಗ, ಹಾಗೆ ಹೊಸ ಜಾಗಕ್ಕೆ ಒಯ್ದ ಹಾವುಗಳು ದಿಕ್ಕುಗೆಟ್ಟು ಅಲೆದು ಹೆಚ್ಚು ಸತ್ತವು. ಚೀಲವನ್ನು ನೆಲಕ್ಕಿಟ್ಟು, ಉಬ್ಬು ಎಲ್ಲಿದೆ ನೋಡಿ, ಕೋಲನ್ನು ಮತ್ತೆ ಅಡ್ಡವಿಟ್ಟು ಗಂಟು ಬಿಚ್ಚಿ. ಹಿಂದೆ ಸರಿದು ಚೀಲದ ತಳದ ಮೂಲೆಯನ್ನು ಹುಕ್ಕಿನಿಂದ ಎತ್ತಿದರೆ ಹಾವು ಬಾಯಿಯ ಕಡೆಯಿಂದ ಹೊರಟುಹೋಗುತ್ತದೆ. ಹೋಗುವ ದಾರಿಗೆ ಎದುರಾಗಿ ಯಾರೂ ನಿಲ್ಲಬಾರದು, ಫೋನು ಹಿಡಿದವರಂತೂ ಬೇಡವೇ ಬೇಡ.

ಖಾಲಿಯಾದ ಚೀಲಕ್ಕೆ ಕೈ ಹಾಕಬೇಡಿ. ಹಾವುಗಳ ವಿಷದ ಹಲ್ಲು ಆಗಾಗ ಉದುರಿ ಬಟ್ಟೆಯಲ್ಲಿ ಸಿಕ್ಕಿರುತ್ತದೆ, ಒಣಗಿದ ವಿಷ ವರ್ಷಗಳ ಮೇಲೂ ಕೆಡುವುದಿಲ್ಲ. ಕೋಲಿನಿಂದಲೇ ಒಳಗುಹೊರಗು ಮಾಡಿ, ಬೆಳಕಿಗೆ ಹಿಡಿದು ಹಲ್ಲು, ತೂತು ಎರಡನ್ನೂ ನೋಡಿ, ಆಮೇಲೆ ಬಿಸಿನೀರಿನಲ್ಲಿ ಅದ್ದಿ. ಒಂದು ತೂತು ಕಂಡರೂ ಆ ಚೀಲ ಮತ್ತೆ ಬಳಕೆಗಿಲ್ಲ.